ಔಷಧಿ ಮುಟ್ಟದ ಬದನೆ

ಕುರಿಗಳು ರಸ್ತೆ ದಾಟುವ ಮೊದಲೇ ಚಿತ್ರಲಿಂಗಪ್ಪ ಹೊಲದ ಬೇಲಿ ಸರಿಸಿ ನಿಂತಿದ್ದ.

ಜುಂಜಮ್ಮ ಅವನನ್ನು ದೂರದಿಂದಲೇ ಕಂಡಳು. ಕಂಡೂ ಕಾಣದವಳಂತೆ ಮುಂದಿನ ಟಗರಿಗೆ ಕೋಲು ಬೀಸಿ, "ಹೇಯ್, ಅತ್ಲಾಗೆ ನಡಿ" ಎಂದಳು.

"ಯಾಕೆ, ನಮ್ಮ ಹೊಲ ಮರ್ತೋಯ್ತಾ?"

"ಹತ್ತಿ ಗಿಡ ಇನ್ನೂ ಹಸಿರಾಗೈತಲ್ಲ. ಹೊಲದ ಯಜಮಾನ್ರು ಬೆಳೆ ಒಳಕ್ಕೆ ಕುರಿ ಬಿಟ್ಕಂತಾರೇನು?"

"ಹತ್ತಿ ಬಿಡಿಸಿದ್ದಾಯ್ತು. ಉಳಿದಿದ್ದು ಬರೀ ಸೊಪ್ಪು. ಕುರಿ ತಿನ್ಲಿ ಅಂತ."

"ಕುರಿ ಬರ್ಲಿ ಅಂತಲೋ, ಕುರಿಯೋಳು ಬರ್ಲಿ ಅಂತಲೋ?"

ಅವನು ನೆಲ ನೋಡಿಕೊಂಡು ನಕ್ಕ. "ಎರಡೂ ಒಂದೇ ದಾರೀಲಿ ಬರ್ತಾವಲ್ಲ, ನಾನೇನ್ ಮಾಡ್ಲಿ?"

ಜುಂಜಮ್ಮನ ತಂದೆ ರಂಗಪ್ಪ ಪ್ರತಿವರ್ಷ ಸಂಕ್ರಾಂತಿ ಕಳೆದ ಮೇಲೆ ಹೊಸದುರ್ಗದ ಕಡೆಯಿಂದ ಕುರಿ ಹೊಡೆದುಕೊಂಡು ಜವನಗೊಂಡನಹಳ್ಳಿಯ ಸೀಮೆಗೆ ಬರುತ್ತಿದ್ದ. ಬಿಡಿಸಿ ಮುಗಿದ ಹತ್ತಿ ಹೊಲದಲ್ಲಿ ಹಗಲು ಕುರಿ ಮೇಯಬೇಕು, ರಾತ್ರಿ ಅಲ್ಲೇ ಮಂದೆ ನಿಲ್ಲಬೇಕು. ಹಿಕ್ಕೆ, ಗಂಜಲ ಹೊಲಕ್ಕೆ. ಅದಕ್ಕೆ ಪ್ರತಿಯಾಗಿ ರಾಗಿ, ಮಧ್ಯಾಹ್ನದ ಊಟ. ಚಿತ್ರಲಿಂಗಪ್ಪನ ಹೊಲದಲ್ಲಿ ಮಾತ್ರ ಮಂದೆ ಹೇಳಿದ ದಿನಕ್ಕೆ ಏಳುತ್ತಿರಲಿಲ್ಲ. "ಈ ಮೂಲೆಗೆ ಗೊಬ್ಬರ ಸಾಲ್ದು ಕಣಣ್ಣ, ಇನ್ನೊಂದು ರಾತ್ರಿ ಇರ್ರಿ" ಎಂದು ಅವನು ರಂಗಪ್ಪನ ಹಿಂದೆ ಸುತ್ತುತ್ತಿದ್ದ. ಆ ಮೂಲೆಗೆ ಗೊಬ್ಬರ ಯಾವತ್ತೂ ಸಾಲುತ್ತಿರಲಿಲ್ಲ.

ಎರಡೂ ಮನೆಯವರು ಒಂದೇ ಜನ, ಗೋತ್ರದ ಹಾಗೆ ಬೆಡಗು ಮಾತ್ರ ಬೇರೆ ಬೇರೆ. ಹೆಣ್ಣು ಕೊಡು-ಕೊಳ್ಳು ನಡೆಯುವಂಥದ್ದೇ. ಆದರೆ ಈ ಸಲ ಹೊಸದುರ್ಗದಿಂದ ಇನ್ನೊಂದು ಗಂಡಿನವರು ಬಂದು ಹೋಗಿದ್ದರು. ಶಿವರಾತ್ರಿ ಕಳೆಯಲಿ, ಹೇಳುತ್ತೇನೆ ಎಂದಿದ್ದ ರಂಗಪ್ಪ. ಆ ಸುದ್ದಿ ಚಿತ್ರಲಿಂಗಪ್ಪನ ಕಿವಿಗೂ ಬಿದ್ದಿತ್ತು.

ಸಂಜೆ ಬೇವಿನ ಮರದ ಕೆಳಗೆ ಅವನು ಟವೆಲಿನಲ್ಲಿ ಹುರಿದ ಕಡ್ಲೆಕಾಯಿ ತಂದುಕೊಟ್ಟ. ತನ್ನ ಕೈಯಿಂದ ಅವಳ ಕೈಗಲ್ಲ, ಕಲ್ಲಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಅವನ ಈ ನಾಚಿಕೆ ಕಂಡರೆ ಅವಳಿಗೆ ನಗು, ಮುದ್ದು ಎರಡೂ ಒಟ್ಟಿಗೆ ಬರುತ್ತಿದ್ದವು.

"ಹತ್ರ ಬಂದ್ರೆ ಕಚ್ತೀನಾ?"

"ನೀನು ಕಚ್ಚಲ್ಲ. ನಿಮ್ಮಪ್ಪನ ಕೈಲಿ ಕೋಲೈತೆ."

ಟವೆಲು ಬಿಚ್ಚಿದಳು. ಕಡ್ಲೆಕಾಯಿಯ ಬಿಸಿ ವಾಸನೆಯ ಅಡಿಯಿಂದ ಇನ್ನೊಂದು ವಾಸನೆ ಮೂಗಿಗೆ ಬಡಿಯಿತು.

"ಇದೇನು, ಔಷಧಿ ವಾಸನೆ?"

"ಬದನೆಗೆ ಹೊಡೆದಿದ್ದೆ."

"ಹತ್ತಿಗೆ?"

"ಹತ್ತಿಗೆ ಯಾತಕ್ಕೆ? ಬೀಟಿ ಬೀಜ ಇದು. ಬೀಜದೊಳಗೇ ಔಷಧಿ ಇಟ್ಟವ್ರೆ. ಕಾಯಿಗೆ ಬಾಯಿ ಹಾಕಿದ ಹುಳ ಅಲ್ಲೇ ಸಾಯ್ತೈತೆ."

"ಹಂಗಾದ್ರೆ ನಮ್ಮ ಕುರಿ?"

"ಹುಳಕ್ಕೆ ಅಷ್ಟೇ. ನಿಮ್ಮ ಕುರಿ ಏನು ಹುಳಾನಾ?"

ಅವಳು ನಕ್ಕಳು. ನಕ್ಕ ಮೇಲೂ ಆ ವಾಸನೆ ಮೂಗಿನಲ್ಲೇ ಇತ್ತು. ಇನ್ನೊಂದು ಸಲ ಕೇಳಬಹುದಿತ್ತು. ಕೇಳಿ, ಅವನು ತಡವರಿಸಿದರೆ ಬೇಲಿ ದಾಟಿ ಮುಂದೆ ನಡೆಯಬೇಕು. ಮುಂದೆ ಹಿರಿಯೂರಿನ ತೆಂಗಿನ ತೋಟ, ಆಮೇಲೆ ಶಿವರಾತ್ರಿ, ಆಮೇಲೆ ಯಾರದೋ ಮನೆ. ವರ್ಷವೆಲ್ಲ ಕಾದದ್ದು ಈ ಮರದ ನೆರಳಿಗೆ.

ಅವಳು ಕಡ್ಲೆಕಾಯಿ ಸುಲಿದಳು. ಕೇಳಲಿಲ್ಲ.

ಬೆಳಿಗ್ಗೆ ಕುರಿಗಳು ಇಬ್ಬನಿ ಬಿದ್ದ ಹತ್ತಿ ಎಲೆ ಮೇಯ್ದವು. ಬಿಸಿಲು ಏರುವ ಹೊತ್ತಿಗೆ ಒಂದು ಮರಿ ಕಾಲು ತೊಡರಿ ಬಿತ್ತು. ಅದನ್ನು ಎತ್ತುವಷ್ಟರಲ್ಲಿ ಇನ್ನೊಂದು. ಆಮೇಲೆ ಸಾಲುಗಳ ನಡುವೆ ಎಲ್ಲೆಂದರಲ್ಲಿ ಕುರಿಗಳು ಬಾಯಲ್ಲಿ ನೊರೆ ಕಟ್ಟಿಕೊಂಡು ಅದುರುತ್ತ ಕುಸಿಯತೊಡಗಿದವು. ರಂಗಪ್ಪ ಹುಣಸೆಹುಳಿ ನೀರು ಕುಡಿಸುತ್ತ ಒಂದರಿಂದ ಒಂದಕ್ಕೆ ಓಡಾಡಿದ. ಅವನ ಕಂಬಳಿ ಎಲ್ಲೋ ಬಿದ್ದುಹೋಗಿತ್ತು.

ಜುಂಜಮ್ಮ ಬಿಳಿಗಿವಿ ಎಂಬ ಕುರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಅವಳು ಹುಟ್ಟಿದಾಗ ಅವಳ ಹೆಸರಿಗೆ ಬಿಟ್ಟ ಕುರಿಯ ಸಂತಾನ ಅದು. ಮದುವೆಯಾದರೆ ಬಳುವಳಿಯಾಗಿ ಅವಳ ಹಿಂದೆ ಗಂಡನ ಮನೆಗೆ ನಡೆಯಬೇಕಾದದ್ದು. ಅದರ ಇನ್ನೂ ಮೇವು ಮುಟ್ಟದ ಎಳೆಮರಿ ಪಕ್ಕದಲ್ಲೇ ಅರಚುತ್ತಿತ್ತು.

ದನದ ಆಸ್ಪತ್ರೆಯ ಕಾಂಪೌಂಡರು ಬೈಕಿನಲ್ಲಿ ಬಂದರು. ಇಳಿಯುತ್ತಲೇ ಕೇಳಿದರು. "ಹೊಲಕ್ಕೆ ಔಷಧಿ ಹೊಡೆದಿದ್ರಾ?"

ಚಿತ್ರಲಿಂಗಪ್ಪ ರಂಗಪ್ಪನ ಮುಖ ನೋಡಿದ. ಆಮೇಲೆ ಜುಂಜಮ್ಮನನ್ನು.

"ಇಲ್ಲ ಸಾ. ಬೀಟಿ ಹತ್ತಿ ಇದು."

ಸುತ್ತ ಸೇರಿದ್ದವರಲ್ಲಿ ಒಬ್ಬರು, "ಹಂಗಾದ್ರೆ ಆ ಬೀಜದ್ದೇ ಕಿತಾಪತಿ ಬಿಡ್ರಿ" ಎಂದರು. ಕಾಂಪೌಂಡರು, "ಹಸಿ ಸೊಪ್ಪು ಜಾಸ್ತಿ ತಿಂದು ಹೊಟ್ಟೆ ಉಬ್ಬರಿಸಿರ್ಬೇಕು" ಎನ್ನುತ್ತ ಚೀಲದಿಂದ ಎಣ್ಣೆಯ ಬಾಟಲಿ ತೆಗೆದರು.

"ಸಾ," ಎಂದಳು ಜುಂಜಮ್ಮ. "ಇವ್ರು ಬದನೆಗೆ ಹೊಡೆದವ್ರೆ. ಕುರಿ ಬೆಳಿಗ್ಗೆ ಆ ಮಡಿಗೆ ನುಗ್ಗಿದ್ವು. ನಾನು ನೋಡ್ಕಳ್ಲಿಲ್ಲ. ವಿಷಕ್ಕೆ ಹಾಕೋ ಸೂಜಿನೇ ಹಾಕ್ರಿ."

ಕುರಿಗಳು ಬದನೆ ಮಡಿಯ ಹತ್ತಿರವೂ ಸುಳಿದಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು.

ರಂಗಪ್ಪನ ಕೋಲು ಅವಳ ಬೆನ್ನಿನ ಮೇಲೆ ಬಿತ್ತು. "ಕಣ್ಣು ಎಲ್ಲಿಟ್ಟಿದ್ದೆಲೇ! ಕುರಿ ಕಾಯಾಕೆ ಬಂದಿದ್ಯೋ, ಕಡ್ಲೆಕಾಯಿ ತಿನ್ನಾಕೆ ಬಂದಿದ್ಯೋ?"

ಏಟು ಅವಳಿಗೆ ಅಷ್ಟಾಗಿ ತಾಗಲಿಲ್ಲ. ಅವಳು ಒಂದು ದನಿಗಾಗಿ ಕಾಯುತ್ತಿದ್ದಳು. ಅವಳದ್ದಲ್ಲ ತಪ್ಪು, ಬಿಡಣ್ಣ ಎನ್ನುವ ಒಂದು ಮಾತು. ಚಿತ್ರಲಿಂಗಪ್ಪ ಕಾಲ್ಬೆರಳಿನಿಂದ ಮಣ್ಣು ಕೆರೆಯುತ್ತ ನಿಂತೇ ಇದ್ದ.

ಇನ್ನೂ ಉಸಿರಿದ್ದ ಕುರಿಗಳು ಸೂಜಿ ಬಿದ್ದ ಮೇಲೆ ಒಂದೊಂದಾಗಿ ತಲೆ ಎತ್ತಿದವು. ಬಿಳಿಗಿವಿ ಎತ್ತಲಿಲ್ಲ.

ಮಧ್ಯಾಹ್ನ ಚಿತ್ರಲಿಂಗಪ್ಪನ ತಾಯಿ ಕೆಂಚಕ್ಕ ಮುದ್ದೆ, ಬದನೆಕಾಯಿ ಪಲ್ಯ ಹೊತ್ತು ತಂದಳು. ಜುಂಜಮ್ಮನ ಬೆನ್ನು ಸವರಿ, ಪಕ್ಕದಲ್ಲೇ ಕುಳಿತು ಬಡಿಸಿದಳು.

"ಉಣ್ಣವ್ವ. ಹುಳ ಕಂಡ್ರೆ ತೆಗೆದಿಟ್ಟು ಉಣ್ಣು. ಮನೆಗೆ ತಿನ್ನಾ ಬದನೆ, ಔಷಧಿ ಒಂದು ಹನಿ ಮುಟ್ಸಲ್ಲ ನಾನು. ಹೋದ ವಾರ, ಕೊನೇ ಹತ್ತಿ ಬಿಡಿಸೋ ಮುಂಚೆ, ಬೀಟಿಗೂ ಬಗ್ಗದ ಜಿಗಿಹುಳ ಬಿತ್ತು ಅಂತ ಹತ್ತಿಗೆ ಹೊಡೀವಾಗ್ಲೂ ಇವನಿಗೆ ಹೇಳ್ದೆ, ಗಾಳಿ ನನ್ನ ಮಡಿ ಕಡೆ ಬೀಸದಂಗೆ..."

ಪಲ್ಯ ಹಾಕುತ್ತಿದ್ದ ಸೌಟು ಅಲ್ಲೇ ನಿಂತಿತು.

ಕೆಂಚಕ್ಕ ಹೊಲದ ಕಡೆ ನೋಡಿದಳು. ಸತ್ತ ಕುರಿಗಳಿಗೆ ಗುಂಡಿ ತೋಡುತ್ತಿದ್ದ ಮಗನನ್ನು ನೋಡಿದಳು. ಸೆರಗು ಬಾಯಿಗೆ ಹೋಯಿತು.

"ನಾನೇನೂ ಕೇಳಿಸ್ಕಂಡಿಲ್ಲ, ಅತ್ತೆ" ಎಂದಳು ಜುಂಜಮ್ಮ.

ಬದನೆಕಾಯಿಯಲ್ಲಿ ಒಂದು ಹುಳವಿತ್ತು. ಅದನ್ನು ತಟ್ಟೆಯ ಅಂಚಿಗೆ ತೆಗೆದಿಟ್ಟು, ಉಳಿದದ್ದನ್ನೆಲ್ಲ ಉಂಡಳು.

ಹೊತ್ತು ಇಳಿಯುವಾಗ ಅವನು ಬೇವಿನ ಮರದ ಹತ್ತಿರ ಬಂದ. ಈ ಸಲ ಎರಡು ಹೆಜ್ಜೆ ಹಿಂದೆ ಸರಿಯಲಿಲ್ಲ. ಹತ್ತಿರವೇ ನಿಂತ.

"ಅವ್ವನ್ನ ನಿಮ್ಮಪ್ಪನ ಹತ್ರ ಕಳಿಸ್ತೀನಿ. ನಾಳೆನೇ. ಬಳುವಳಿ ಗಿಳುವಳಿ ಏನೂ ಬೇಡ ನನಗೆ. ನೀನು ಬಂದ್ರೆ ಸಾಕು."

ಇಡೀ ವರ್ಷ ಕೇಳಬೇಕೆಂದಿದ್ದ ಮಾತು. ಅವಳು ಅದನ್ನು ಪೂರ್ತಿ ಕೇಳಿಸಿಕೊಂಡಳು.

"ನಿಮ್ಮ ಮನೆ ಬದನೆಕಾಯಿ ಉಂಡೆ" ಎಂದಳು. "ಹುಳ ಇತ್ತು."

ಅವನ ಮುಖದಲ್ಲಿ ಬಣ್ಣ ಉಳಿಯಲಿಲ್ಲ.

"ಜುಂಜಿ... ಹತ್ತಿಗೆ ಹೊಡೆದು ವಾರ ಆಗಿತ್ತು, ವಿಷ ಇಳಿದಿರ್ತೈತೆ ಅಂದ್ಕಂಡೆ. ಹೊಡೆದಿದೀನಿ ಅಂದ್ರೆ ನಿಮ್ಮಪ್ಪ ಮಂದೆ ಮುಂದಕ್ಕೆ ಹೊಡ್ಕಂಡು ಹೋಗ್ತಿದ್ದ. ನೀನು ಹೋದ್ರೆ ಮತ್ತೆ ಬರ್ತಿರ್ಲಿಲ್ಲ."

"ಗೊತ್ತು. ನನ್ನ ಮೂಗಿಗೂ ಬಡಿದಿತ್ತು ಆ ವಾಸನೆ. ನನಗೂ ಇಲ್ಲೇ ಇರ್ಬೇಕಿತ್ತು. ಅಲ್ಲೀವರೆಗೆ ಇಬ್ಬರದ್ದೂ ತಪ್ಪೇ. ಅದಕ್ಕೆ ಬೇಡ ಅಂತಿರ್ಲಿಲ್ಲ ನಾನು."

"ಮತ್ತೆ?"

"ಕಾಂಪೌಂಡರು ಕೇಳಿದ್ರಲ್ಲ. ಆಗ ಬಿಳಿಗಿವಿ ಇನ್ನೂ ಕಿವಿ ಆಡಿಸ್ತಿತ್ತು."

ಅವನು ತಲೆ ತಗ್ಗಿಸಿದ. "ಈಗ್ಲೇ ಹೋಗಿ ನಿಮ್ಮಪ್ಪಗೆ ಹೇಳ್ತೀನಿ. ಹೊಡೆದ್ರೆ ಹೊಡೀಲಿ."

"ಬೇಡ. ಏಟು ನನಗೆ ಬಿದ್ದಾಯ್ತು. ಇನ್ನೊಬ್ಬರಿಗೆ ಬಿದ್ರೆ ಬೆನ್ನೇನು ಆರಲ್ಲ." ಅವಳು ಟವೆಲು ಚಾಚಿದಳು. ತೊರೆಯಲ್ಲಿ ಒಗೆದು ಒಣಗಿಸಿದ್ದಳು. "ತಗಳ್ರಿ."

ಇಬ್ಬರೇ ಇದ್ದಾಗ ಅವಳು ಅವನಿಗೆ ಎಂದೂ ಹೀಗೆ ಬಹುವಚನ ಹಾಕಿದವಳಲ್ಲ. ಅವನು ಟವೆಲು ಹಿಡಿದುಕೊಂಡೇ ನಿಂತ. ಇನ್ನೊಂದು ರಾತ್ರಿ ಇರ್ರಿ ಎನ್ನಲು ಈಗ ಯಾವ ಮೂಲೆಯೂ ಉಳಿದಿರಲಿಲ್ಲ.

ಬೆಳಿಗ್ಗೆ ಉಳಿದ ಕುರಿಗಳನ್ನು ಎಬ್ಬಿಸಿಕೊಂಡು ಹೊರಟರು. ರಂಗಪ್ಪನ ಸಿಟ್ಟು ಇಳಿದಿತ್ತು. ರಸ್ತೆಗೆ ಬಂದ ಮೇಲೆ ಮಗಳ ಪಕ್ಕಕ್ಕೆ ಬಂದ.

"ನೋವಾಯ್ತೇನವ್ವ? ಕೈ ತಡೀಲಿಲ್ಲ... ವಾಪಸ್ ಬರೋವಾಗ ಆ ಕೆಂಚಕ್ಕನ್ನ ಸಂಬಂಧ ಕೇಳಾಣ ಅಂತಿದೀನಿ. ಹುಡುಗ ಒಳ್ಳೆಯವ್ನು. ಹಗಲೆಲ್ಲ ಒಬ್ಬನೇ ಗುಂಡಿ ತೋಡ್ದ. ಹೊಸದುರ್ಗದವರಿಗೆ ಬೇಡ ಅಂದ್ರಾಯ್ತು. ಏನಂತೀಯ?"

ಬಿಳಿಗಿವಿಯ ಮರಿ ಅವಳ ತೋಳಲ್ಲಿ ತಾಯ ಮೊಲೆ ಹುಡುಕುತ್ತಿತ್ತು. ಅದರ ಬಾಯಿಗೆ ಬೆರಳು ಕೊಟ್ಟಳು.

"ಬೇಡಪ್ಪ."

"ಯಾಕೆ?"

"ಆ ಮನೆ ಬದನೆಕಾಯಿ ನನಗೆ ಒಗ್ಗಲ್ಲ."

ರಂಗಪ್ಪ ಅಷ್ಟು ಸಾವಿನ ನಡುವೆಯೂ ನಕ್ಕುಬಿಟ್ಟ. "ಬದನೆಕಾಯಿಗೋಸ್ಕರ ಗಂಡು ಬೇಡ ಅಂದೋಳ್ನ ಇವತ್ತೇ ಕಂಡಿದ್ದು ನಾನು!"

ಅವಳೂ ನಕ್ಕಳು. ಬೆರಳು ಚೀಪಿ ಹಾಲು ಬಾರದೆ ಮರಿ ಅರಚಿತು. ಜುಂಜಮ್ಮ ಹಿಂದಿರುಗಿ ನೋಡದೆ, ಅದನ್ನು ಎದೆಗೆ ಇನ್ನಷ್ಟು ಬಿಗಿಯಾಗಿ ಅವುಚಿಕೊಂಡು ನಡೆದಳು.