ನಡುವೆ ಬಿಟ್ಟ ಜಾಗ

ಮೂವತ್ತು ವರ್ಷ ಮದುವೆ ಫೋಟೋ ತೆಗೆದವನು ನಾನು. ಒಬ್ಬರ ತಲೆಯನ್ನೂ ಕತ್ತರಿಸಿಲ್ಲ, ಚೌಕಟ್ಟಿನಲ್ಲಿ ಬೆರಳಗಲ ಜಾಗವನ್ನೂ ಪೋಲು ಮಾಡಿಲ್ಲ. ಮಗಳು ಪುಟ್ಟ ಕ್ಯಾಮೆರಾ ಕೊಡಿಸುತ್ತೇನೆಂದಾಗ, ಕಣ್ಣಿಟ್ಟು ನೋಡುವ ಕಿಂಡಿಯಿರುವುದೇ ಬೇಕೆಂದು ಹಟ ಹಿಡಿದೆ.

ಅಂಗಡಿಯವನು ಕಪಾಟಿನಿಂದ ಹಳೆಯದೊಂದನ್ನು ತೆಗೆದುಕೊಟ್ಟ. ಕ್ಯಾಮೆರಾ ತಣ್ಣಗಿತ್ತು, ಕಿಂಡಿ ಮಾತ್ರ ಯಾರೋ ಈಗಷ್ಟೇ ಮುಖ ತೆಗೆದಂತೆ ಬೆಚ್ಚಗಿತ್ತು. ಮಗಳನ್ನೂ ಅಂಗಡಿಯವನನ್ನೂ ನಿಲ್ಲಿಸಿ ಕಣ್ಣಿಟ್ಟೆ.

"ಮಧ್ಯದಲ್ಲಿರೋ ಅಮ್ಮ, ಗದ್ದ ಸ್ವಲ್ಪ ಮೇಲೆತ್ತಿ," ಎಂದೆ. ಆಕೆ ಎತ್ತಿದರು. ಗುಂಡಿ ಒತ್ತಿದೆ.

"ಯಾವ ಅಮ್ಮ ಅಪ್ಪಾ? ನಾವಿಬ್ರೇ ಇರೋದು," ಎಂದಳು ಮಗಳು.

ಕ್ಯಾಮೆರಾದ ಪರದೆಯಲ್ಲಿ ಇಬ್ಬರೇ ಇದ್ದರು, ಒಬ್ಬೊಬ್ಬರು ಒಂದೊಂದು ಅಂಚಿಗೆ. ನಡುವೆ ಒಬ್ಬರು ಹಿಡಿಸುವಷ್ಟು ಖಾಲಿ.

ನನ್ನ ಕಣ್ಣು ಮಂಜಾಯಿತೆಂದು ಮಗಳು ಈಗಲೂ ಹೇಳುತ್ತಾಳೆ. ಹೇಳಲಿ. ನಾನು ಸುಮ್ಮನೆ ಜಾಗ ಬಿಡುವವನಲ್ಲ.