ಮೇಡಂ ಸಹಿ ಮಾಡದ ಅರ್ಜಿ

ತಿಂಗಳ ಸಭೆಯಲ್ಲಿ ಆ ಒಬ್ಬ ಹೆಡ್‌ಮಾಸ್ಟರು ಹಾಜರಾತಿ ಓದಲು ಎದ್ದರೆ ಸಾಕು, ಜಿಲ್ಲಾ ಶಿಕ್ಷಣಾಧಿಕಾರಿಗೆ ಬೇಡದ ಪ್ರಶ್ನೆಗಳೆಲ್ಲ ನೆನಪಾಗುತ್ತಿದ್ದವು.

“ಐದನೇ ಕ್ಲಾಸಲ್ಲಿ ಎಷ್ಟು ಅಂದ್ರಿ?”

“ಮೂವತ್ತೊಂದು, ಮೇಡಂ. ಆಗ್ಲೇ ಎರಡು ಸಲ ಹೇಳಿದೆ.”

ಕನ್ನಡಕದ ಮೇಲಿಂದ ಆತ ನೋಡುವ ಆ ಒಂದು ನೋಟಕ್ಕಾಗಿಯೇ ಮೂರನೇ ಸಲವೂ ಕೇಳಬೇಕೆನಿಸುತ್ತಿತ್ತು. ತುಟಿಯಂಚಿನ ನಗು ಮರೆಸಲು ಆಕೆ ಫೈಲಿಗೆ ಮುಖ ಬಗ್ಗಿಸುತ್ತಿದ್ದಳು. ನೂರಾರು ಶಾಲೆಗಳು ಆಕೆಯ ಹಿಡಿತದಲ್ಲಿದ್ದವು. ನಲವತ್ತರ ಹೊಸ್ತಿಲಲ್ಲಿ ಮನಸ್ಸು ಮಾತ್ರ ಕೈಮೀರಿತ್ತು.

ಆಕೆಯ ಡ್ರಾಯರಿನಲ್ಲಿ ಆತನ ವರ್ಗಾವಣೆ ಅರ್ಜಿ ಇತ್ತು. ಹೆಂಡತಿ ತೀರಿಕೊಂಡ ಮೇಲೆ ಆತ ಮಗಳನ್ನು ಬೇರೆ ಜಿಲ್ಲೆಯಲ್ಲಿದ್ದ ತಂಗಿಯ ಮನೆಯಲ್ಲಿ ಬಿಟ್ಟಿದ್ದ. ಅಲ್ಲಿಗೇ ಹಾಕಿಕೊಡಿ ಎಂದು ಕೇಳಿದ್ದ. ಅಲ್ಲಿಯವರು ಒಪ್ಪಿಯೂ ಆಗಿತ್ತು, ಇಲ್ಲಿಂದ ಬಿಡುಗಡೆಗೆ ಈಕೆಯ ಸಹಿಯೊಂದೇ ಬಾಕಿ. ಮುಂದಿನ ಸಭೆ ಆಗಲಿ, ಇನ್ನೊಂದು ಆಗಲಿ ಎನ್ನುತ್ತ ಒಂದು ವರ್ಷವೇ ಸರಿದುಹೋಗಿತ್ತು.

ಆವತ್ತು ಸಭೆ ಮುಗಿದ ಮೇಲೆ ಆತ ನಗುನಗುತ್ತಲೇ ಹೇಳಿದ: “ಮೊನ್ನೆ ಫೋನಲ್ಲಿ ಮಗಳು, ‘ಅಪ್ಪ ಅಂಗಡಿಗೆ ಹೋಗಿದ್ದಾರೆ’ ಅಂದ್ಲು, ಮೇಡಂ. ನಾನು ಇಲ್ಲೇ ಇದ್ದೀನಲ್ಲೇ ಅಂದೆ. ‘ಅಯ್ಯೋ, ಮಾವ!’ ಅಂತ ತಿದ್ಕೊಂಡ್ಲು.”

ಆ ಸಂಜೆ ಆಕೆ ಡ್ರಾಯರಿನಿಂದ ಅರ್ಜಿಯನ್ನು ಹೊರತೆಗೆದಳು.

ಮರುದಿನ ಬೆಳಿಗ್ಗೆ ಆತನನ್ನು ಕರೆಸಿ, ಸಹಿ ಹಾಕಿದ ಆದೇಶವನ್ನು ಮುಂದಿಟ್ಟಳು.

“ಮೇಲಿನವರು ತಡ ಮಾಡಿದ್ರು ಅಂದ್ಕೊಂಡಿದ್ರಿ ಅಲ್ವಾ? ತಡ ಮಾಡಿದ್ದು ನಾನು.”

“ಯಾಕೆ?”

“ನೀವು ಹೋಗ್ಬಿಡ್ತೀರಿ ಅಂತ.”

ಆತನ ಮುಖ ಬಿಳಿಚಿಕೊಂಡಿತು. “ಒಂದು ವರ್ಷ, ಮೇಡಂ! ನನ್ನ ಮಗಳು ಓದೋಕೆ ಕಲಿತಿದ್ದು ಈ ವರ್ಷಾನೇ. ಊರ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸ್ದೆ, ಅವಳ ಕೈ ಹಿಡಿದು ತಿದ್ದಿಸಿದ್ದು ಬೇರೆ ಯಾರೋ.”

ಆತ ಆದೇಶವನ್ನು ಮಡಚಿ ಜೇಬಿಗಿಟ್ಟುಕೊಂಡು ಬಾಗಿಲವರೆಗೆ ಹೋದ. ಅಲ್ಲೇ ನಿಂತ.

“ಹನ್ನೆರಡು ಸಭೆಗೆ ಬಂದೆ. ಅರ್ಜಿ ಏನಾಯ್ತು ಅಂತ ಒಂದು ಸಲಾನೂ ಕೇಳ್ಲಿಲ್ಲ. ಯಾಕೆ ಅಂತ ನೀವು ಯೋಚನೆ ಮಾಡ್ಲಿಲ್ವಾ?”

ಆಕೆ ತಲೆಯೆತ್ತಿದಳು. ಆತನ ಕಣ್ಣು ತುಂಬಿತ್ತು.

“ನಾನೂ ಅವಳಿಗೆ ಮೋಸ ಮಾಡ್ದೆ. ಮೊದಲು ಹೋಗಿ ಅವಳಿಗೆ ಅಪ್ಪ ಆಗ್ಬೇಕು.”

“ಹೋಗಿ,” ಎಂದಳು. ತಡೆಯಲಾರದೆ ಕೇಳಿಯೂ ಬಿಟ್ಟಳು: “ಆಮೇಲೆ?”

“ಆಮೇಲೆ ಕಾಗದ ಬರೀತೀನಿ. ಮೇಡಂ ಅಂತ ಶುರು ಮಾಡಲ್ಲ.”

ಕಿಟಕಿಯಿಂದ ನೋಡಿದರೆ ಆತ ಬಸ್‌ ನಿಲ್ದಾಣದ ಕಡೆಗೆ ಓಡುತ್ತಿದ್ದ. ಓಡಲಿ ಎಂದುಕೊಂಡಳು. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು.