ಹೊಂಗೆಗಡ್ಡೆಯ ಜೀಪು ಸವಾರಿ

ಸಿದ್ದರಾಮು ಕೂತಲ್ಲೇ ಸತ್ತಿದ್ದ.

ಬೆಳಗಿನ ಹತ್ತು ಗಂಟೆ. ಜೀಪಿನ ಮುಂದಿನ ಸೀಟಿನಲ್ಲಿ ಕೂತು, ಹಿಂದಿದ್ದ ಬೆಂಗಳೂರಿನ ಗಂಡಹೆಂಡಿರಿಗೆ ಹೊಳೆಯ ನಡುವಿನ ಮೊಸಳೆಬಂಡೆ ತೋರಿಸಲು ಕೈ ಎತ್ತಿದ್ದ. ದಾರಿ ಬದಿಯ ಬಿದಿರುಮೆಳೆ ಸಟ್ಟನೆ ಸದ್ದು ಮಾಡಿತು. ಚೂಪು ಗೂಟವೊಂದು ಬೀಸಿ ಬಂದು ಅವನ ಪಕ್ಕೆಗೆ ನಾಟಿತು. ಎತ್ತಿದ ಕೈ ಇಳಿಸುವಷ್ಟು ಹೊತ್ತೂ ಅವನಿಗೆ ಸಿಗಲಿಲ್ಲ.

ಮಳವಳ್ಳಿಯ ಪೊಲೀಸ್ ದಫೇದಾರ್ ರೇವಣ್ಣ ಸೈಕಲ್ ತುಳಿದುಕೊಂಡು ಕಾವೇರಿಯ ಕಲ್ಲುಸೇತುವೆ ದಾಟಿ ಹೊಂಗೆಗಡ್ಡೆಯೆಂಬ ಆ ನಡುಗಡ್ಡೆಗೆ ಬರುವ ಹೊತ್ತಿಗೆ ನಡುಮಧ್ಯಾಹ್ನ. ಹೆಣವನ್ನು ಇಳಿಸಿ ಹೊಂಗೆಮರದ ಕೆಳಗೆ ಮಲಗಿಸಿದ್ದರು. ಜೀಪು ಮಾತ್ರ ಬಂಡೆದಾರಿಯಲ್ಲಿ ನಿಂತಲ್ಲೇ ನಿಂತಿತ್ತು.

ರೇವಣ್ಣ ಬಗ್ಗಿ ನೋಡಿದ. ಬಲಕ್ಕೆ ಬಂಡೆ, ಬಿದಿರುಮೆಳೆ. ಎಡಕ್ಕೆ ಹೊಳೆ. ಹಸಿ ಬಿದಿರೊಂದನ್ನು ಬಿಲ್ಲಿನ ಹಾಗೆ ಹಿಂದಕ್ಕೆ ಬಗ್ಗಿಸಿ, ತುದಿಗೆ ಗೂಟ ಕಟ್ಟಿ, ಕತ್ತಾಳೆ ಹಗ್ಗವನ್ನು ದಾರಿಗೆ ಅಡ್ಡಲಾಗಿ ಎಳೆದಿದ್ದರು. ಮುಂದಿನ ಚಕ್ರ ಹಗ್ಗಕ್ಕೆ ತಾಗಿದರೆ ಸಾಕು, ಬಿದಿರು ಬಿಟ್ಟುಕೊಳ್ಳುತ್ತದೆ. ಕಬ್ಬಿನ ಗದ್ದೆಗೆ ನುಗ್ಗುವ ಕಾಡುಹಂದಿಗೆ ಈ ಕಡೆಯವರು ಒಡ್ಡುವ ಉಪಾಯವೇ ಇದು.

"ಅಂದಿಗ್ ಕಟ್ಟಿದ್ದು ಸಾಮಿ, ಪಾಪ ಇವ್ನಿಗ್ ಬಡೀತು," ಎಂದ ಜೊತೆಗೆ ಬಂದಿದ್ದ ಹುಚ್ಚೀರಯ್ಯ. ಗಡ್ಡೆಯಲ್ಲಿ ಎತ್ತಿನ ಗಾಡಿ ಹೊಡೆಯುವವನು.

"ನಿಮ್ಮೂರ್ ಅಂದಿ ನನ್ನೆದೆ ಮಟ್ಟ ಬೆಳೀತದೇನ್ಲಾ?"

ಹುಚ್ಚೀರಯ್ಯ ಗೂಟದ ಎತ್ತರ ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ಹಂದಿಗೆ ಕಟ್ಟುವುದು ಮೊಣಕಾಲೆತ್ತರಕ್ಕೆ. ಇದನ್ನು ಜೀಪಿನಲ್ಲಿ ಕೂತ ಮನುಷ್ಯನ ಪಕ್ಕೆಯ ಎತ್ತರಕ್ಕೆ ಕಟ್ಟಿದ್ದರು. ಅಂದರೆ ಕೊಲೆ.

ಜೀಪು ಮಳವಳ್ಳಿಯ ಸಾಹುಕಾರ ಮರಿಯಯ್ಯನದು. ಯುದ್ಧ ಮುಗಿದ ಮೇಲೆ ಅಮೆರಿಕದ ಸೈನ್ಯ ಬಿಟ್ಟುಹೋದ ಗಾಡಿಯನ್ನು ಹರಾಜಿನಲ್ಲಿ ಹಿಡಿದಿದ್ದ. ಗಡ್ಡೆಯಲ್ಲಿ ಹೆಂಚಿನ ಬಂಗಲೆ ಕಟ್ಟಿಸಿ, ರಜಕ್ಕೆ ಬರುವ ಪೇಟೆಯವರನ್ನು ಜೀಪಿನಲ್ಲಿ ಕಾಡುದಾರಿ ಸುತ್ತಿಸುತ್ತಿದ್ದ. ದಾರಿ ತೋರಿಸಲು ಸಿದ್ದರಾಮು, ಓಡಿಸಲು ಮೆಹಬೂಬ್ ಪಾಷಾ. ಈ ಸವಾರಿಯಿಂದ ಏನಾದರೂ ಸುಖ ಉಂಟೇ ಎಂಬ ವಿಷಯದಲ್ಲಿ ಮಳವಳ್ಳಿಯ ಹೋಟೆಲುಗಳಲ್ಲಿ ಎರಡು ಪಕ್ಷವಾಗಿತ್ತು. ಸಿದ್ದರಾಮು ಜೊತೆಗಿಲ್ಲದಿದ್ದರೆ ಗಡ್ಡೆಯ ಅರ್ಧ ಚೆಲುವು ಕಾಣುವುದೇ ಇಲ್ಲ ಎನ್ನುವವರು ಕೆಲವರು. ಕಾಸು ಕೊಟ್ಟು ಸೊಂಟ ಮುರಿಸಿಕೊಳ್ಳುವ ಬದಲು ನಡೆದುಕೊಂಡೇ ನೋಡಬಹುದಲ್ಲ ಎನ್ನುವವರು ಹಲವರು. ರೇವಣ್ಣ ಎರಡನೆಯ ಪಕ್ಷ.

ಬಂಗಲೆಯ ಮುಂದೆ ಇಪ್ಪತ್ತು ಜನ ದೊಣ್ಣೆ ಹಿಡಿದು ನಿಂತಿದ್ದರು. ಮರಿಯಯ್ಯ ಮೆಹಬೂಬನನ್ನು ಉಗ್ರಾಣದೊಳಗೆ ಕೂಡಿ ಬೀಗ ಹಾಕಿದ್ದ. ಅದು ಶಿಕ್ಷೆಗೋ ರಕ್ಷಣೆಗೋ ಅವನಿಗೇ ಗೊತ್ತಿರಲಿಲ್ಲ.

ಬಾಗಿಲಿಗೆ ಅಡ್ಡವಾಗಿ ಚಿಕ್ಕಬೋರಮ್ಮ ಕೂತಿದ್ದಳು. ಸಿದ್ದರಾಮುವಿನ ಅಕ್ಕ. ಬಲಗೈಗೆ ಸೆರಗು ಸುತ್ತಿಕೊಂಡು ಎಡಗೈಯಲ್ಲಿ ಎದೆ ಬಡಿದುಕೊಳ್ಳುತ್ತಿದ್ದಳು.

"ನಂಬ್ಸಿ ಕೊಂದ ಕಣ್ರಪ್ಪೋ! ಗಾಡಿನ ನನ್ ತಮ್ಮನ್ ಕೈಗ್ ಕೊಟ್ಬುಟ್ಟು ತಾನು ಪಕ್ಕಕ್ ಸರ್ಕಂಡ ಕಣ್ರಪ್ಪೋ! ಮೊದ್ಲು ನನ್ ಮಗ್ಳು, ಈಗ ನನ್ ತಮ್ಮ! ಅವ್ನ್ ರಕ್ತ ನೋಡ್ದೆ ನಾನ್ ಏಳಾಕಿಲ್ಲ!"

ದೊಣ್ಣೆಗಳು ನೆಲ ಕುಟ್ಟಿದವು. ಸಂಜೆಗೆ ಮಂಡ್ಯದಿಂದ ಇನ್ಸ್‌ಪೆಕ್ಟರು ಬರಬೇಕು. ಅಷ್ಟರೊಳಗೆ ನಿಜ ಸಿಗದಿದ್ದರೆ ಈ ಜನ ಮೆಹಬೂಬನನ್ನು ಹೊಳೆಗೆ ನೂಕುವುದು ಖಂಡಿತ. ಆ ವರ್ಷ, ಸಾವಿರದ ಒಂಬೈನೂರ ನಲವತ್ತಾರರಲ್ಲಿ, ದೂರದೂರುಗಳಿಂದ ಪತ್ರಿಕೆಯಲ್ಲಿ ಬರುತ್ತಿದ್ದ ಹಿಂದೂ ಮುಸ್ಲಿಮರ ಗಲಭೆಯ ಸುದ್ದಿ ಓದಿದ್ದ ರೇವಣ್ಣನಿಗೆ, ಅಲ್ಲಿಯ ಬೆಂಕಿ ಇಲ್ಲಿಗೂ ಹತ್ತೀತೆಂದು ನಿಜವಾಗಿಯೂ ಹೆದರಿಕೆಯಾಯಿತು.

"ಮಗಳ ಮಾತೇನು?" ಎಂದು ಮರಿಯಯ್ಯನನ್ನು ಒಳಕ್ಕೆ ಕರೆದು ಕೇಳಿದ.

"ಮೂರು ವರ್ಸದ್ ಕೆಳ್ಗೆ ಮದ್ದೂರಲ್ಲಿ ಅವಳ್ ಮಗ್ಳು ಬಸ್ಸಿಗ್ ಸಿಕ್ಕಿ ಓದ್ಲು. ಪೆಟ್ರೋಲ್ ಇಲ್ದೆ ಇದ್ದಿಲು ಹೊಗೇಲಿ ಓಡ್ತಿದ್ ಬಸ್ಸು. ಓಡುಸ್ತಿದ್ದೋನು ಇದೇ ಮೆಹಬೂಬು. ಕೋರ್ಟಲ್ಲಿ ಬುಡುಗ್ಡೆ ಆಯ್ತು. ಇವ್ಳು ಮಗಳ್ ಮಣ್ ಮುಟ್ಟಿ ಆಣೆ ಮಾಡವ್ಳೆ, ಇನ್ಮೇಲೆ ಮೋಟಾರ್ ಮುಖ ನೋಡಾಕಿಲ್ಲ ಅಂತ. ಸದ್ದು ಕೇಳುದ್ರೆ ಸಾಕು, ಸೆರಗ್ ಮುಚ್ಕಂಡು ಗೋಡೆ ಕಡೆ ತಿರಿಕತಾಳೆ."

"ಅಂಥೋನ್ ಜೊತೆ ತಮ್ಮ ಕೆಲಸಕ್ಕೆ ಸೇರ್ದ?"

"ಅವತ್ತಿಂದ ಅಕ್ಕತಮ್ಮನ್ಗೆ ಮಾತಿಲ್ಲ."

ಈ ಗಡ್ಡೆಯಲ್ಲಿ ಹೊಂಗೆಗಿಂತ ಹಗೆಯೇ ಹುಲುಸಾಗಿ ಬೆಳೆದಿದೆ ಎಂದುಕೊಂಡ ರೇವಣ್ಣ, ಉಗ್ರಾಣದ ಬೀಗ ತೆಗೆಸಿದ.

ಮೆಹಬೂಬ್ ಮೂಟೆಗೆ ಒರಗಿ ಕೂತಿದ್ದ. ಅಂಗಿಯ ತುಂಬ ಸಿದ್ದರಾಮುವಿನ ರಕ್ತ.

"ಆ ಜಾಗದಲ್ಲಿ ಯಾಕ್ ನಿಧಾನ ಮಾಡ್ದೆ?"

"ದಿನಾ ಮಾಡ್ತೀನಿ ಸಾಮಿ. ಮೊಸಳೆಬಂಡೆ ಕಾಣಾದು ಅಲ್ಲೇ."

"ನಿನ್ನೆ ಅವನ್ ಮೇಲೆ ಕೂಗಾಡ್ದೆಯಂತೆ?"

"ಕೂಗಾಡ್ದೆ. ಜಾರುಬಂಡೆ ಅತ್ರ ಗಾಡಿ ಅತ್ಸು ಅಂದ. ಜನ ಕೂತವ್ರೆ, ಆಗಾಕಿಲ್ಲ ಅಂದೆ. ಒಂದ್ಸಲ ನನ್ ಕೈಯಾಗೆ ಜೀವ ಓಗೈತೆ. ಇನ್ನೊಂದ್ ಬ್ಯಾಡ." ಅಂಗಿಯ ಮೇಲಿನ ರಕ್ತ ನೋಡಿಕೊಂಡ. "ಆ ಮಗು ಅಡ್ಡ ಓಡ್ಬಂತು, ಬ್ರೇಕು ನಿಲ್ನಿಲ್ಲ. ಊರೆಲ್ಲಾ ಉಗೀತು. ಸಿದ್ದರಾಮು ಒಬ್ನೇ ಬಂದು, ನಿನ್ ತಪ್ಪಲ್ಲ ಬುಡ್ಲಾ ಅಂದೋನು. ನಾನ್ಯಾಕ್ ಅವನ್ನ ಕೊಲ್ಲಲಿ?"

"ಅವನಿಗೆ ಹಗೆ ಯಾರು?"

"ಯಾರೂ ಇಲ್ಲ. ಬೇಕಾದ್ರೆ ಯಾರ್ನಾದ್ರೂ ಕೇಳಿ."

ರೇವಣ್ಣ ಹುಚ್ಚೀರಯ್ಯನನ್ನು ಹಿಡಿದು ಕೂರಿಸಿದ. ಜೀಪು ಬಂದ ಮೇಲೆ ಇವನ ಗಾಡಿಗೆ ಜನವಿಲ್ಲ. ಬೇಲಿಗೆ ಕಟ್ಟಿದ ಎತ್ತು ಹುಲ್ಲು ತಿನ್ನುತ್ತಿತ್ತು, ಇವನು ಕೋಪ ತಿನ್ನುತ್ತಿದ್ದ.

"ಜೀಪು ಕಂಡ್ರೆ ಒಟ್ಟೆ ಉರೀತದೆ. ಸುಳ್ಯಾಕೇಳ್ಳಿ?" ಎಂದ ಹುಚ್ಚೀರಯ್ಯ. "ಆದ್ರೆ ಎರಡ್ ಸಲ ಮರಳಲ್ಲಿ ಊತ್ಕಂಡಾಗ ಎಳ್ದಿದ್ದು ನನ್ನೆತ್ತೇ. ಮೆಹಬೂಬ ನೂಕಕ್ಕೆ ಅಂತ ಕೆಳಗಿಳ್ದಾಗ ಓಡ್ಸೋ ಚಕ್ರ ಇಡ್ದು ತಿರುಗ್ಸಿದ್ದೂ ನಾನೇ. ಕೊಲ್ಲೋದಾದ್ರೆ ಸಾಹುಕಾರನ್ ಕೊಲ್ತಿದ್ದೆ. ಸಿದ್ದರಾಮು ಏನ್ ಮಾಡ್ದ? ಬಡಪಾಯಿ!"

ಎಲ್ಲರದೂ ಅದೇ ಮಾತು. ಸತ್ತವನಿಗೆ ಹಗೆಯೇ ಇರಲಿಲ್ಲ. ಹಗೆಯಿಲ್ಲದವನ ಪಕ್ಕೆಗೇ ಅಷ್ಟು ಲೆಕ್ಕಾಚಾರವಾಗಿ ಗೂಟ ನೆಟ್ಟವರು ಯಾರು? ರೇವಣ್ಣನಿಗೆ ತಲೆ ಕೆಟ್ಟು ಕೆರ ಹಿಡಿಯಿತು.

ಉಳಿದವರು ಜೀಪಿನ ಹಿಂದಿನ ಸೀಟಿನಲ್ಲಿದ್ದ ಬೆಂಗಳೂರಿನ ವಕೀಲರ ಹೆಂಡತಿ ಮೀನಾಕ್ಷಮ್ಮ. ಗಂಡ ಜ್ವರ ಬಂದವರಂತೆ ಹೊದ್ದು ಮಲಗಿದ್ದರು. ಈಕೆ ಅತ್ತು ಅತ್ತು ಸುಸ್ತಾಗಿ, ಈಗ ಸಿಟ್ಟಾಗಿದ್ದರು.

"ಬೇಡ ಅಂದೆ ಇವರಿಗೆ. ನಡೆದುಕೊಂಡೇ ಹೋಗೋಣ ಅಂದೆ. ಗೈಡ್ ಇದ್ದರೆ ಎಲ್ಲಾ ಸರಿಯಾಗಿ ನೋಡಬಹುದು ಅಂದರು. ಏನು ನೋಡಿದ ಹಾಗಾಯ್ತು ಹೇಳಿ? ಹೊಳೆ ಇರೋ ಕಡೆ ಮುಂದೆ ಡ್ರೈವರೇ ಕೂತಿದ್ದ. ಹೊಳೆ, ಹಕ್ಕಿ, ಬಂಡೆ, ಎಲ್ಲಾ ಅವನಿಗೇ. ಆ ಪಾಪದ ಗೈಡು ಬಂಡೆ ಕಡೆ ಕೂತು, ಡ್ರೈವರ್ ಮುಖದ ಮುಂದೆ ಕೈ ಚಾಚಿ ನಮಗೆ ತೋರಿಸಬೇಕಾಗಿತ್ತು. ನಮ್ಮ ಕಾರಿನಲ್ಲಾಗಿದ್ದರೆ..."

"ಏನಂದ್ರಿ ತಾಯಿ? ನಿಮ್ಮ ಕಾರಿನಲ್ಲಾಗಿದ್ದರೆ?"

"ನಮ್ಮ ಕಾರಲ್ಲಿ ಡ್ರೈವರ್ ಬಲಗಡೆ ತಾನೇ ಕೂರೋದು? ಎಲ್ಲಾ ಮೋಟಾರಿನಲ್ಲೂ ಹಾಗೇ. ಈ ಮಿಲಿಟರಿ ಗಾಡಿ ಒಂದೇ ಉಲ್ಟಾ."

ರೇವಣ್ಣ ಎದ್ದು ನಿಂತ. ಬಂದಾಗಿನಿಂದ ಆ ಜೀಪನ್ನು ಮೂರು ಸುತ್ತು ಸುತ್ತಿದ್ದ, ಆದರೂ ಇದು ಹೊಳೆದಿರಲಿಲ್ಲವಲ್ಲ ಎಂದು ತನ್ನ ಮೇಲೇ ರೇಗಿತು. ಮರದ ಕೆಳಗೆ ಹೋಗಿ, ಹೆಣ ಇಳಿಸಿದ ಇಬ್ಬರನ್ನು ಪಕ್ಕಕ್ಕೆ ಕರೆದು ಒಂದೇ ಒಂದು ಪ್ರಶ್ನೆ ಕೇಳಿದ. ಇಬ್ಬರೂ ಇಲ್ಲವೆಂದು ತಲೆಯಾಡಿಸಿದರು. ಅಲ್ಲಿಂದ ನೇರ ಬಂಗಲೆಯ ಮುಂದಕ್ಕೆ ಬಂದ.

"ಬೋರಮ್ಮಾ, ಒಂದ್ ಮಾತು. ನಿನ್ ತಮ್ಮ ಗಾಡಿ ಓಡುಸ್ತಿದ್ದ ಅಂತ ಯಾರ್ ಏಳುದ್ರು?"

"ಯಾರಾದ್ರೂ ಏಳ್ಬೇಕಾ? ಬಲಗಡೆ ಕೂತಿದ್ನಲ್ಲ!"

"ಬಲಗಡೆ ಕೂತಿದ್ದ ಅಂತ ಯಾರ್ ಏಳುದ್ರು? ನೀನ್ ಬರೋವತ್ಗೆ ಎಣ ಮರದ ಕೆಳ್ಗಿತ್ತು. ಇಳ್ಸಿದೋರ್ನ ಈಗ್ತಾನೆ ಕೇಳ್ದೆ. ನಿನಗೆ ಅವ್ರು ಏಳಿಲ್ಲ."

ಎದೆ ಬಡಿಯುತ್ತಿದ್ದ ಎಡಗೈ ನಿಂತಿತು.

ರೇವಣ್ಣ ಜನರ ಕಡೆ ತಿರುಗಿದ. "ಕೇಳ್ರಪ್ಪಾ. ಸಿದ್ದರಾಮುಗೆ ಎತ್ತಿನ್ ಗಾಡಿ ಬುಟ್ರೆ ಬೇರೇನೂ ಓಡ್ಸಕ್ಕೆ ಬತ್ತಿರ್ನಿಲ್ಲ. ನಿಮ್ಗೆಲ್ಲಾ ಗೊತ್ತು. ಅವನಿಗೆ ಹಗೆ ಇರ್ನಿಲ್ಲ, ಅದೂ ಗೊತ್ತು. ಹಂಗಾದ್ರೆ ಆ ಗೂಟ ಯಾರಿಗ್ ಕಟ್ಟಿದ್ದು? ಓಡ್ಸೋನಿಗೆ! ಮೆಹಬೂಬನಿಗೆ! ಎಲ್ಲಾ ಬಸ್ಸಲ್ಲೂ ಓಡ್ಸೋನು ಬಲಗಡೆ ಕೂರ್ತಾನೆ. ಅದ್ಕೇ ಬಲಗಡೆ ಮೆಳೇಲಿ ಕಟ್ಟಿದ್ರು. ಆದ್ರೆ ಈ ಜೀಪಿನ ಓಡ್ಸೋ ಚಕ್ರ ಎಡಗಡೆ ಐತೆ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಚಕ್ರ ಎಡಗಡೆ ಅಂತ ಮರಿಯಯ್ಯನಿಗೆ ಗೊತ್ತು, ಹುಚ್ಚೀರಯ್ಯನಿಗೆ ಗೊತ್ತು. ಗಡ್ಡೇಲಿ ಅದ್ನ ತಿರುಗಿ ನೋಡ್ದೋರೆಲ್ಲಾರ್ಗೂ ಗೊತ್ತು. ಗೊತ್ತಿಲ್ದೇ ಇರೋರು ಒಬ್ರೇ. ಮೋಟಾರ್ ಬಂದ್ರೆ ಮುಖ ಮುಚ್ಕಳೋರು."

"ಸಾಮಿ, ಎಂಗಸು ಅಷ್ಟ್ ದೊಡ್ ಬಿದ್ರು ಬಗ್ಸಕ್ಕಾಯ್ತದಾ?" ಎಂದು ಯಾರೋ ಕೂಗಿದರು.

"ಗಂಡ ಸತ್ ಮೇಲೆ ಕಬ್ಬಿನ್ ಗದ್ದೆ ಕಾದೋಳು ಯಾರು? ಅಂದಿ ಇಡ್ದೋಳು ಯಾರು?" ರೇವಣ್ಣ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ. ದನಿ ತಗ್ಗಿಸಿದ. "ಗೂಟ ತಮ್ಮನಿಗ್ ತಾಕ್ತು ಅಂತ ಕೇಳ್ದಾಗ ನಿನಗೆ ಒಂದೇ ತೋಚಿದ್ದು. ಮೆಹಬೂಬ ಅವನ್ ಕೈಗೆ ಗಾಡಿ ಕೊಟ್ಟವ್ನೆ ಅಂತ. ಗೂಟ ಓಡ್ಸೋನಿಗೇ ತಾಕ್ಬೇಕು ಅಂತ ಕಟ್ಟಿದೋಳಿಗೆ ಮಾತ್ರ ಅಂಗ್ ಅನ್ನುಸ್ತದೆ ಬೋರಮ್ಮಾ. ಬಲಗೈ ಬಿಚ್ಚು."

ಅವಳು ಬಿಚ್ಚಲಿಲ್ಲ. ರೇವಣ್ಣ ಕಾದ. ಕೊನೆಗೆ ಸೆರಗು ತಾನಾಗಿ ಜಾರಿತು. ಅಂಗೈಗೆ ಅಡ್ಡಲಾಗಿ ಹಗ್ಗ ಕೊಯ್ದ ಹಸಿ ಗಾಯ. ಕತ್ತಾಳೆಯ ನಾರು ಇನ್ನೂ ಅಂಟಿಕೊಂಡಿತ್ತು.

ದೊಣ್ಣೆಗಳು ಒಂದೊಂದಾಗಿ ಕೆಳಗಿಳಿದವು.

ಚಿಕ್ಕಬೋರಮ್ಮ ಅಳಲಿಲ್ಲ. ಎದ್ದು ನಿಂತು ಸೀರೆ ಕೊಡವಿಕೊಂಡಳು.

"ಕಟ್ಟಿದ್ದು ನಾನೇ. ಕೋರ್ಟ್ನೋರು ಬುಟ್ರು, ದ್ಯಾವ್ರು ಬುಟ್ಟ. ನಾನ್ ಬುಡಾಕಿಲ್ಲ ಅಂತ ಕಟ್ದೆ. ತಮ್ಮ ಪಕ್ಕದಾಗಿರ್ತಾನೆ, ಅವನ್ಗೇನೂ ಆಗಾಕಿಲ್ಲ ಅಂದ್ಕಂಡೆ." ಬಂಡೆದಾರಿಯ ಕಡೆ ತಿರುಗಿದಳು. "ಆ ಮೋಟಾರು ಎಲ್ಲೈತೆ? ತೋರ್ಸಿ."

ಜನ ದಾರಿ ಬಿಟ್ಟರು. ಬಂಡೆದಾರಿಯವರೆಗೂ ಎಲ್ಲರೂ ಅವಳ ಹಿಂದೆ ನಡೆದರು. ಜೀಪು ಕಂಡಾಗ ಅಭ್ಯಾಸದಂತೆ ಅವಳ ಕೈ ಸೆರಗಿಗೆ ಹೋಯಿತು. ಅರ್ಧಕ್ಕೇ ನಿಂತಿತು. ಮೂರು ವರ್ಷದಲ್ಲಿ ಮೊದಲ ಸಲ ಅವಳು ಒಂದು ಮೋಟಾರನ್ನು ಕಣ್ಣು ಬಿಟ್ಟು ನೋಡಿದಳು. ಬಲಗಡೆಯ ಸೀಟಿನಲ್ಲಿ ಒಣಗಿದ್ದ ರಕ್ತವನ್ನು ಬೆರಳಿನಿಂದ ಮುಟ್ಟಿದಳು. ಸುತ್ತು ಹಾಕಿ ಎಡಗಡೆಗೆ ಹೋಗಿ ಓಡಿಸುವ ಚಕ್ರದ ಮೇಲೆ ಕೈ ಇಟ್ಟಳು.

"ಈ ಕಡೆನಾ," ಎಂದಳು.

ಮೆಹಬೂಬನೂ ಜನರ ಹಿಂದೆ ಬಂದಿದ್ದ. ಅವನನ್ನು ಯಾರೂ ತಡೆದಿರಲಿಲ್ಲ. ಕೈಮುಗಿದು, "ಅವ್ವಾ," ಎಂದ.

ಚಿಕ್ಕಬೋರಮ್ಮ ಅವನನ್ನೂ ದಿಟ್ಟಿಸಿ ನೋಡಿದಳು.

"ಒಂದೇ ಒಂದ್ ಸಲ ಕಣ್ಬುಟ್ಟು ನೋಡಿದ್ರೆ ನನ್ ತಮ್ಮ ಉಳ್ಕತಿದ್ದ," ಎಂದಳು. "ನೀನು ಉಳೀತಿರ್ನಿಲ್ಲ."

ಅವಳ ದನಿಯಲ್ಲಿ ಪಶ್ಚಾತ್ತಾಪವನ್ನು ಹುಡುಕಿದ ರೇವಣ್ಣನಿಗೆ ಸಿಕ್ಕಿದ್ದು ಅರ್ಧ ಮಾತ್ರ. ಇನ್ನರ್ಧ ಹಾಗೇ ಉರಿಯುತ್ತಿತ್ತು. ಅವಳ ಮೇಲೆ ಕನಿಕರವೂ ಬಂತು, ಹೆದರಿಕೆಯೂ ಆಯಿತು.

ಮಳವಳ್ಳಿಗೆ ಏಳು ಮೈಲಿ. ಜೀಪಿನಲ್ಲೇ ಕರೆದುಕೊಂಡು ಹೋಗಿ ಎಂದು ಮರಿಯಯ್ಯ ಮೆಲ್ಲಗೆ ಹೇಳಿದ. ಚಿಕ್ಕಬೋರಮ್ಮ ಎರಡೂ ಕೈಗಳನ್ನು ರೇವಣ್ಣನ ಮುಂದೆ ಚಾಚಿದಳು.

"ಎಲ್ಲಿಗ್ ಬೇಕಾದ್ರೂ ಬತ್ತೀನಿ ಸಾಮಿ. ಅದ್ರಾಗ್ ಮಾತ್ರ ಬರಾಕಿಲ್ಲ."

ರೇವಣ್ಣ ಅವಳ ಕೈಗೆ ಬೇಡಿ ಹಾಕಲಿಲ್ಲ. ಸೈಕಲ್ ತಳ್ಳಿಕೊಂಡು, ಅವಳ ಪಕ್ಕದಲ್ಲಿ ಸೇತುವೆಯ ಕಡೆಗೆ ನಡೆದ.